ಹುಳದ ಕೋಣೆಯ ದೀಪ

ಒಬ್ಬರ ಮಾವನಿಗೆ ನಶ್ಯದ ಚಟ, ಇನ್ನೊಬ್ಬರ ಮಾವನಿಗೆ ಇಸ್ಪೀಟಿನ ಚಟ. ಎರೆಹುಳದಮ್ಮನ ಮಾವನಿಗೆ ದೀಪ ಆರಿಸುವ ಚಟ. ವಿದ್ಯುತ್ ಕಚೇರಿಯ ಕೆಲಸದಲ್ಲಿ ಮನೆಮನೆ ತಿರುಗಿ ಮೀಟರ್ ಓದಿದ ಮನುಷ್ಯ. ನಿವೃತ್ತಿಯಾದ ಮೇಲೆ ಓದಲು ಉಳಿದದ್ದು ಸ್ವಂತ ಮನೆಯ ಮೀಟರ್ ಒಂದೇ. ಸೊಸೆ ಅಡುಗೆಮನೆಯಿಂದ ಹಿತ್ತಿಲಿಗೆ ಕಾಲಿಡುವಷ್ಟರಲ್ಲಿ ಬೆನ್ನ ಹಿಂದೆ ಟಪ್ಪೆಂದು ಸ್ವಿಚ್ಚು. ಮಗ ಮೈತುಂಬ ಸೋಪು ಹಚ್ಚಿಕೊಂಡು ಬಚ್ಚಲಿನ ಕತ್ತಲೆಯಿಂದ ಅರಚಿದ್ದೂ ಉಂಟು. "ಮಾತಾಡದೆ ಸ್ನಾನ ಮಾಡಿದ್ರೆ ಒಳಗೆ ಜನ ಇದಾರೆ ಅಂತ ಹೇಗಪ್ಪಾ ಗೊತ್ತಾಗ್ಬೇಕು?" ಎಂದು ಮಾವ ಹೊರಗಿನಿಂದಲೇ ದಬಾಯಿಸಿದ್ದರು.

ಸೊಸೆಗೆ ಎರೆಹುಳದಮ್ಮ ಅನ್ನುವ ಹೆಸರು ಕೊಟ್ಟದ್ದು ಬೀದಿಯವರು. ಗಂಡನದು ತರಕಾರಿ ಅಂಗಡಿ. ದಿನಾ ಸಂಜೆ ಉಳಿಯುತ್ತಿದ್ದ ಕೋಸಿನ ಹೊರಎಲೆ, ಬಾಡಿದ ಸೊಪ್ಪು, ಒಡೆದ ಟೊಮೆಟೊ ನೋಡಿ ನೋಡಿ ಅವಳಿಗೆ ಹೊಟ್ಟೆ ಉರಿಯುತ್ತಿತ್ತು. ಎಲ್ಲಿಂದಲೋ ಒಂದು ಬೊಗಸೆ ಎರೆಹುಳ ತಂದು, ಮೆಟ್ಟಿಲ ಕೆಳಗಿನ ಕಿಟಕಿಯಿಲ್ಲದ ಕೋಣೆಯಲ್ಲಿ ಸಾಕತೊಡಗಿದಳು. "ಇರಲಾರದೆ ಇರುವೆ ಬಿಟ್ಕೊಂಡ್ರಂತೆ, ಇವಳು ಹುಳ ಬಿಟ್ಕೊಂಡಿದಾಳೆ" ಎಂದು ನಕ್ಕ ಪಕ್ಕದ ಮನೆಯವಳೇ ಆಮೇಲೆ ಗುಲಾಬಿ ಕುಂಡಕ್ಕೆ ಎರೆಗೊಬ್ಬರ ಬೇಕೆಂದು ಡಬ್ಬಿ ಹಿಡಿದುಕೊಂಡು ಬಂದಳು. ಅಂಗಡಿಯಲ್ಲಿ ಗಂಡನ ಪಕ್ಕ ತಕ್ಕಡಿ ಹಿಡಿದು ನಿಂತದ್ದು ಬಿಟ್ಟರೆ ತನ್ನದು ಅನ್ನುವ ಕೆಲಸ ಅವಳಿಗೆ ಅದುವರೆಗೆ ಇರಲಿಲ್ಲ. ಹಾಗಿರುವಾಗ ದೊಡ್ಡ ನರ್ಸರಿಯವನೊಬ್ಬ, "ಹುಳ ಚೆನ್ನಾಗಿದ್ರೆ ಪ್ರತಿ ತಿಂಗಳೂ ನಿಮ್ಮಲ್ಲೇ ತಗೋತೀನಿ" ಅಂದುಬಿಟ್ಟ.

ಅವನು ಬರುವ ಹಿಂದಿನ ದಿನ ಹುಳವನ್ನೆಲ್ಲ ಹೊಸ ಪೆಟ್ಟಿಗೆಗಳಿಗೆ ಬದಲಾಯಿಸಿದಳು. ಹೊಸ ಜಾಗಕ್ಕೆ ಬಿಟ್ಟ ಎರೆಹುಳ ಒಂದೆರಡು ದಿನ ನೆಲೆ ನಿಲ್ಲುವುದಿಲ್ಲ, ಕತ್ತಲಾದರೆ ಹೊರಟೇಬಿಡುತ್ತದೆ. ತಲೆಯ ಮೇಲೆ ದೀಪ ಉರಿಯುತ್ತಿದ್ದರೆ ಮಾತ್ರ ಬೆಳಕಿಗೆ ಹೆದರಿ ಒಳಗೇ ಇರುತ್ತದೆ. ಇದನ್ನು ಮಾವನಿಗೆ ಬೆಳಿಗ್ಗೆ ಹೇಳಿದಳು, ಊಟಕ್ಕೆ ಬಡಿಸುವಾಗ ಹೇಳಿದಳು, ಮಲಗುವ ಮುಂಚೆ ಮತ್ತೆ ಹೇಳಿದಳು. ಅವರು ಮೂರು ಸಲವೂ "ಹ್ಞೂಂ" ಅಂದರು. ಕೋಣನ ಮುಂದೆ ಕಿನ್ನರಿ ಬಾರಿಸಿದ್ದರೆ ಕೋಣವಾದರೂ ಕಿವಿ ಆಡಿಸುತ್ತಿತ್ತು.

ಬೆಳಿಗ್ಗೆ ಎದ್ದು ನೋಡುತ್ತಾಳೆ, ಮೆಟ್ಟಿಲ ಮೇಲೆ ಹುಳ, ಗೋಡೆಯ ಮೇಲೆ ಹುಳ, ಮಾವನ ಚಪ್ಪಲಿಯಲ್ಲಿ ಹುಳ. ಕೋಣೆಯೊಳಗೆ ಗವ್ವೆನ್ನುವ ಕತ್ತಲೆ.

"ಮಾವಾ! ದೀಪ ಆರಿಸಿದ್ರಾ?"

"ಕೋಣೆ ಖಾಲಿ ಇತ್ತಲ್ಲಮ್ಮ."

"ಖಾಲಿನಾ? ಒಳಗೆ ಸಾವಿರಾರು ಜೀವ ಇದಾವೆ!"

"ಅವಕ್ಕೆ ಕಣ್ಣೇ ಇಲ್ಲ ಅಂತ ನೀನೇ ಹೇಳಿದ್ದೆ. ಕಣ್ಣಿಲ್ಲದವಕ್ಕೆ ದೀಪ ಯಾಕೆ?"

ಕಣ್ಣಿಲ್ಲದಿದ್ದರೂ ಬೆಳಕು ಅವಕ್ಕೆ ಮೈಗೇ ತಾಗುತ್ತದೆ ಎಂದು ಇನ್ನು ಯಾರಿಗೆ ಹೇಳುವುದು ಎಂದು ಅವಳು ಹಣೆ ಹಣೆ ಚಚ್ಚಿಕೊಂಡಳು. ಅಳುವೂ ಬಂತು, ಅಳಲು ಪುರುಸೊತ್ತಿರಲಿಲ್ಲ. ಗಂಡ ಬಕೆಟ್ ಹಿಡಿದ, ಅವಳು ಒದ್ದೆ ಗೋಣಿ ಹಾಸಿ ಒಂದೊಂದೇ ಹುಳ ಆರಿಸಿದಳು. ಸ್ವಲ್ಪ ಹೊತ್ತಿಗೆ ಮಾವನೂ ಕನ್ನಡಕ ಏರಿಸಿಕೊಂಡು ಬಂದು ಮೆಟ್ಟಿಲ ಮೇಲೆ ಕುಕ್ಕರುಗಾಲಲ್ಲಿ ಕೂತರು. ಕೈ ಹುಳ ಹೆಕ್ಕುತ್ತಿತ್ತು, ಬಾಯಿ ಮಾತ್ರ "ಪೆಟ್ಟಿಗೆಗೆ ಮುಚ್ಚಳ ಸರಿಯಿಲ್ಲ" ಎನ್ನುತ್ತಿತ್ತು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವುದು ಇದಕ್ಕೇ.

ನರ್ಸರಿಯವನು ಬಂದಾಗ ಅರ್ಧದಷ್ಟು ಹುಳ ಒಣಗಿ ದಾರವಾಗಿತ್ತು. ಅವನು ಪೆಟ್ಟಿಗೆ ಕೆದಕಿ ನೋಡಿ ಲೊಚಗುಟ್ಟಿದ.

"ಉಳಿದಿರೋದು ಚೆನ್ನಾಗಿದೆ, ಆದ್ರೆ ಇಷ್ಟು ನಂಗೆ ಸಾಲಲ್ಲ. ಮುಂದಿನ ತಿಂಗಳು ಇನ್ನೊಂದ್ಸಲ ಬರ್ತೀನಿ. ಆಗ್ಲೂ ಹಿಂಗೇ ಆದ್ರೆ ಬೇರೆಯವ್ರನ್ನ ನೋಡ್ಕೋತೀನಮ್ಮ."

ಅವನು ಹೋದ ಮೇಲೆ ಅವಳು ಮಾವನ ಜೊತೆ ಮಾತೇ ಬಿಟ್ಟಳು. ಮಧ್ಯಾಹ್ನ ಊಟದ ತಟ್ಟೆಯನ್ನು ಅವರ ಮುಂದೆ ಸದ್ದಾಗುವಂತೆ ಇಟ್ಟಳು. ಉಳಿದ ಹುಳವನ್ನು ಹೊಸ ಪೆಟ್ಟಿಗೆಗೆ ಬಿಟ್ಟು, ದೀಪ ಹಾಕಿ, ಅಂಗಡಿಗೆ ಹೊರಟಳು. ದಾರಿಯುದ್ದಕ್ಕೂ ಮನಸ್ಸು ಸ್ವಿಚ್ಚಿನ ಮೇಲೆಯೇ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎಂದುಕೊಂಡು ಅರ್ಧ ದಾರಿಯಿಂದಲೇ ತಿರುಗಿದಳು.

ಹುಳದ ಕೋಣೆಯ ಬಾಗಿಲು ತೆರೆದಿತ್ತು. ಪೆಟ್ಟಿಗೆಗಳ ನಡುವಿನ ಇಕ್ಕಟ್ಟಿನಲ್ಲಿ ಮಾವನ ಹಾಸಿಗೆ, ಮಾವನ ನೀರಿನ ಚೊಂಬು, ಮಾವನ ರೇಡಿಯೋ. ಜನ ಇರುವ ಕೋಣೆಯಲ್ಲಿ ದೀಪ ಉರಿದರೆ ತಪ್ಪಿಲ್ಲವಲ್ಲ! ಆದರೆ ಸಣ್ಣ ಬೆಳಕಿದ್ದರೂ ನಿದ್ದೆ ಬಾರದ ಮನುಷ್ಯ ಅವರು. ಉರಿಯುವ ಬಲ್ಬಿನ ಕೆಳಗೆ ಮುಖದ ತುಂಬ ಟವೆಲ್ ಹೊದ್ದು, ಕಾಲು ಚಾಚಲು ಜಾಗವಿಲ್ಲದೆ ಮುದುಡಿ ಮಲಗಿದ್ದರು.

ಅವಳಿಗೆ ಸಿಟ್ಟೂ ಬಂತು, ಕರುಳೂ ಚುರುಕ್ಕೆಂದಿತು. ಒಂದು ಗಳಿಗೆ ಕಣ್ಣು ಮುಚ್ಚಲಿ ಪಾಪ, ಅಷ್ಟು ಹೊತ್ತು ಹುಳವನ್ನು ತಾನೇ ಕಾದರಾಯಿತು ಎಂದು ಮೆಲ್ಲಗೆ ಸ್ವಿಚ್ಚಿಗೆ ಕೈ ಹಾಕಿದಳು.

"ಏಯ್!" ಟವೆಲಿನೊಳಗಿಂದ ಗುಡುಗು ಬಂತು. "ಆರಿಸ್ಬೇಡ! ಹುಳ ಆಚೆ ಬರ್ತವೆ. ಒಂದ್ಸಲ ಹೇಳಿದ್ರೆ ಅರ್ಥ ಆಗಲ್ವೇನಮ್ಮ ನಿಂಗೆ?"