ಅಚ್ಚಿನಲ್ಲಿ ಎಡಚನಾದ ಕಾಕಾ

ನಮ್ಮೂರ ಭಜನೆ ನಡೆಸುತ್ತಿದ್ದ ಆ ಹಿರಿಯರ ಮಾತು ನೆನಪಾದರೆ ಈಗಲೂ ನನ್ನ ತಲೆ ಬಿಸಿಯಾಗುತ್ತದೆ.

ಎಪ್ಪತ್ತರ ದಶಕದಲ್ಲಿ ನಾನು ಹುಬ್ಬಳ್ಳಿಯಲ್ಲಿ ಚಿತ್ರಕಲೆ ಕಲಿಯುತ್ತಿದ್ದೆ. ಒಂದು ದಿನ ನಮ್ಮ ಮಾಸ್ತರರು ಪರದೇಶದ ಪುಸ್ತಕದಲ್ಲಿ ಜಾಝ್ ಸಂಗೀತದ ವಾದಕರ, ಮರದ ಹಲಗೆ ಕೊರೆದು ತೆಗೆದ ಅಚ್ಚುಚಿತ್ರ ತೋರಿಸಿದರು. ಹಾಳೆಯ ತುಂಬ ಕಪ್ಪು. ಅದರೊಳಗೆ ಒಂದು ತುತ್ತೂರಿ, ಉಬ್ಬಿದ ಗಲ್ಲ, ಬೆರಳುಗಳು ಮಾತ್ರ ಬೆಳ್ಳಗೆ. ಎಲ್ಲರೂ ಬಾಯಿ ಬಿಟ್ಟು ನೋಡಿದರು. ಅದರಲ್ಲೇನು ಹೊಸದು? ಗುಡಗೇರಿಯ ನಮ್ಮ ಮಠದಲ್ಲಿ ಶ್ರಾವಣ ಸೋಮವಾರ ಭಜನೆ ನಡುರಾತ್ರಿ ದಾಟಿದಾಗ, ಕಂದೀಲಿನ ಬೆಳಕಿನಲ್ಲಿ ಕಾಣುವುದೂ ಅದೇ.

ಊರಿಗೆ ಬಂದವನೇ ಸಾಗವಾನಿ ಹಲಗೆಯ ಮೇಲೆ ಆ ಭಜನೆಯನ್ನು ಕೊರೆದೆ. ನಡುವೆ ತಬಲಾ ಬಾರಿಸುವ ನನ್ನ ಕಾಕಾ. ಅವನು ಹುಟ್ಟಾ ಎಡಚ. ದೇವರ ಮುಂದೆ ಎಡಗೈ ಮುಂದು ಮಾಡಬಾರದೆಂದು ಚಿಕ್ಕಂದಿನಲ್ಲೇ ಹೊಡೆದು ಬಡಿದು, ಜೋಡಿಯಲ್ಲಿ ಮುಖ್ಯವಾದ ತಬಲಾಕ್ಕೆ ಬಲಗೈ, ದೊಡ್ಡ ಡಗ್ಗಾಕ್ಕೆ ಎಡಗೈ ರೂಢಿ ಮಾಡಿಸಿದ್ದರು. ಲಯ ಜೋರಾದರೆ ಆ ಬಲಗೈ ಹಿಂದೆ ಬೀಳುತ್ತಿತ್ತು. ಹಾರ್ಮೋನಿಯಂ ಹಿಡಿದ ಹಿರಿಯರು ಎಲ್ಲರೆದುರೇ ಅವನನ್ನು ಹಂಗಿಸುತ್ತಿದ್ದರು.

ಹಲಗೆಗೆ ಮಸಿ ಬಳಿದು, ಹಾಳೆ ಹಾಕಿ, ಚಮಚದ ಬೆನ್ನಿನಿಂದ ತಿಕ್ಕಿ ಅಚ್ಚು ತೆಗೆದೆ. ಅಚ್ಚಿನಲ್ಲಿ ಎಡ ಬಲ ಅದಲುಬದಲು. ತಬಲಾದ ಮೇಲೆ ಕಾಕಾನ ಎಡಗೈ ಮೂಡಿತ್ತು.

ಹಿರಿಯರು ಅದನ್ನು ನೋಡಿ ಕೆಂಡವಾದರು. “ದೇವರ ಮುಂದ ಎಡಗೈಲೆ ಬಾರಸೂದನ್ನ ತಗದೀಯೇನಲೇ? ಇದು ನಿಮ್ಮ ಕಾಕಾಂದ ಮಸಲತ್ತು. ಇನ್ನ ಅವ ತಬಲಾ ಮುಟ್ಟೂದು ಬ್ಯಾಡ.”

“ಅಜ್ಜಾರ, ಅಚ್ಚಿನ್ಯಾಗ ಎಲ್ಲಾ ಉಲ್ಟಾನ ಬರತೈತ್ರಿ. ಇದರಾಗ ಹಾರ್ಮೋನಿಯಂ ಮ್ಯಾಲಿನ ನಿಮ್ಮ ಕೈನೂ ನೋಡ್ರಿ.”

“ನನಗ ಕಲಸಾಕ ಬಂದಿ?” ಎಂದು ಹಾಳೆಯನ್ನು ಪರ್ರನೆ ಹರಿದು ಒಗೆದರು. ಎಂಥ ಮೊಂಡುತನ ಅದು.

ಕಾಕಾ ತುಂಡುಗಳನ್ನು ಜೋಡಿಸಿ ಬಹಳ ಹೊತ್ತು ನೋಡಿದ. “ಹಿಂಗ ಕುಂತ್ರ ಮೈ ಅಗದಿ ಹಗೂರ ಇರತೈತಿ ನೋಡು,” ಎಂದ.

ಮುಂದಿನ ಸೋಮವಾರ ಅವನು ಎಲ್ಲರಿಗಿಂತ ಮೊದಲೇ ಮಠಕ್ಕೆ ಹೋಗಿ ತನ್ನ ಜಾಗದಲ್ಲಿ ಕೂತಿದ್ದ. ದೇವರ ಮುಂದೆ ಗದ್ದಲ ಬೇಡವೆಂದು ಹಿರಿಯರೂ ಅವನನ್ನು ಎಬ್ಬಿಸಲಿಲ್ಲ. ತಬಲಾವನ್ನು ಎಡಕ್ಕೆ, ಡಗ್ಗಾವನ್ನು ಬಲಕ್ಕೆ ಇಟ್ಟುಕೊಂಡದ್ದು ಆ ಮಬ್ಬಿನಲ್ಲಿ ಯಾರಿಗೂ ಕಾಣಲಿಲ್ಲ. ಲಯ ಜೋರಾಯಿತು. ಕೈ ಹಿಂದೆ ಬೀಳಲಿಲ್ಲ. ಹಂಗಿಸಲು ತಿರುಗಿದ ಹಿರಿಯರು ಆಗ ಅವನ ಕೈ ನೋಡಿದರು.

ಹಾಡನ್ನು ಅರ್ಧಕ್ಕೇ ಬಿಟ್ಟು ಹಾರ್ಮೋನಿಯಂ ಮುಚ್ಚಿದರು. “ಏಳ್ರಿ ಎಲ್ಲಾರೂ.”

ಎದ್ದರು. ಅಷ್ಟು ವರ್ಷ ಅವನ ಜೊತೆ ಹಾಡಿದವರು ಕೈಯಲ್ಲಿನ ತಾಳ ಕೆಳಗಿಟ್ಟು ನಡೆದರು. ನನಗೆ ಮೈಯೆಲ್ಲ ಉರಿದುಹೋಯಿತು. ಅವರು ಬಿಟ್ಟುಹೋದ ತಾಳ ಎತ್ತಿಕೊಂಡು ಕಾಕಾನ ಎದುರು ಕೂತು ಹಾಕತೊಡಗಿದೆ.

ಅವನ ಕೈ ನಿಂತಿರಲಿಲ್ಲ. ತಲೆ ಎತ್ತದೆಯೇ ಅಂದ: “ಇನ್ನೂ ಜೋರ ಹಾಕಲೇ.”