ಜರಡಿ ಟೋಪಿ

ಕೊಟ್ಟೂರಿನ ಅಂಗಡಿಯಲ್ಲಿ ಮಿರ್ಚಿ ಬಜ್ಜಿಯ ಎಣ್ಣೆ ಕುಡಿದ ಕಾಗದದ ವಾಸನೆಗೆ ಅಜ್ಜ ನೆನಪಾದರು.

ಆಗಿನ್ನೂ ನನ್ನ ಬಾಲ್ಯ. ಲಕ್ವ ಹೊಡೆದು ಅವರ ಮಾತು ನಿಂತು ತಿಂಗಳಾಗಿತ್ತು. ಮಿರ್ಚಿ ಕಟ್ಟಿಸಿ ತಂದ ಕಾಮಿಕ್ಸ್ ಹಾಳೆಯಲ್ಲಿ ನನಗೊಬ್ಬ ವೀರ ಸಿಕ್ಕಿದ್ದ. ತಂತಿಗಳ ಟೋಪಿ ಹಾಕಿಕೊಂಡರೆ ಸಾಕು, ಎದುರಿಗಿದ್ದವರ ಮನಸ್ಸು ಓದುತ್ತಿದ್ದ. ನಾನೂ ಹಿಟ್ಟಿನ ಜರಡಿಗೆ ಹಳೇ ರೇಡಿಯೊದ ತಂತಿ ಸುತ್ತಿ, ತಲೆಗೆ ಕವುಚಿಕೊಂಡು ಅಜ್ಜನ ಮುಂದೆ ಕೂತೆ.

"ಅವ್ವಾ, ಅಜ್ಜಗ ಮಿರ್ಚಿ ಬೇಕಂತ."

"ಅಜ್ಜಗೋ, ನಿನಗೋ?" ಅವ್ವ ಒಲೆಯ ಮುಂದಿನಿಂದಲೇ ಕೇಳಿದಳು.

ಸುಳ್ಳು ಸಿಕ್ಕಿಬಿತ್ತೆಂದು ಜರಡಿ ತೆಗೆಯಹೋದೆ. ಅಜ್ಜ ಎಡಗೈಯಿಂದ ಅದನ್ನು ನನ್ನ ತಲೆಯ ಮೇಲೇ ಒತ್ತಿ ಹಿಡಿದರು. ಅವರ ಅರ್ಧ ಬಾಯಿ ನಗುತ್ತಿತ್ತು. ಆಮೇಲೆ ತಡಕಾಡಿ ತಡಕಾಡಿ ಒಂದೇ ಒಂದು ಮಾತು ಹೊರಬಂತು: "ಎರಡು."

"ಎಷ್ಟು ಕಟ್ಲಿರಿ?" ಈಗ ಕೊಟ್ಟೂರಿನ ಅಂಗಡಿಯವನು ಕೇಳುತ್ತಿದ್ದ. ಎರಡು ಬೆರಳು ತೋರಿಸಿದೆ.