ತಮಟೆಗೆ ಏಳುವ ಕಾಲು

ಹುಲಿಕುಂಟೆಯ ಚಿಕ್ಕರಂಗಯ್ಯ ಹತ್ತೊಂಬತ್ತು ತುಂಬುವುದರೊಳಗೆ ಮೂರು ಕುಸ್ತಿ ಸೋತಿದ್ದ. ಮೂರೂ ಸಲ ಕೈಕೊಟ್ಟದ್ದು ಕಾಲು. ತೋಳು, ಎದೆ, ಕುತ್ತಿಗೆ ಎಲ್ಲ ಸರಿಯಾಗಿದ್ದವು; ಕಾಲು ಮಾತ್ರ ನೆಟ್ಟ ಕಲ್ಲಿನಂತೆ ನಿಂತಲ್ಲೇ ನಿಲ್ಲುತ್ತಿತ್ತು. ಅದನ್ನು ಹಿಂದಕ್ಕೆ ಎಳೆದುಕೊಳ್ಳುವಷ್ಟರಲ್ಲಿ ಎದುರಾಳಿಯ ಕೈಗೆ ಸಿಕ್ಕಿರುತ್ತಿತ್ತು.

"ನಿಂದು ಕಾಲಲ್ಲ ಕಣ್ಲಾ, ಒರಳು," ಎಂದರು ಗರಡಿಯ ವಸ್ತಾದ್ ಮಹಾಲಿಂಗಯ್ಯ. "ಭಾಗವತ್ರ ತಾವ ವೋಗು. ಆರು ತಿಂಗ್ಳು ಕುಣಿ."

ಭಾಗವತರೆಂದರೆ ಊರಿನ ಬಯಲಾಟದ ಮೇಳದಲ್ಲಿ ಹಾಡುತ್ತಿದ್ದ, ಹುಡುಗರಿಗೆ ಕುಣಿತ ಕಲಿಸುತ್ತಿದ್ದ ರುದ್ರಯ್ಯ. ಗರಡಿಯ ಹುಡುಗರು ನಕ್ಕರು. "ಸೀರೆ ಅವ್ರೇ ಕೊಡ್ತಾರೋ, ಮನೆಯಿಂದ ತರ್ಬೇಕೋ, ಕೇಳ್ಕಂಡ್ ಬಾರ್ಲಾ ರಂಗ," ಎಂದ ಒಬ್ಬ.

ಚಿಕ್ಕರಂಗಯ್ಯ ನಗದೆ ಹೋದ. ಅವನಿಗೊಂದು ಕಾರಣವಿತ್ತು. ತಂದೆ ತೀರಿಕೊಂಡ ಮೇಲೆ ಅವನೂ ತಾಯಿ ಲಕ್ಕಮ್ಮನೂ ದೊಡ್ಡಪ್ಪನ ಮನೆಯಲ್ಲಿದ್ದರು. ಮಲಗುತ್ತಿದ್ದದ್ದು ಕೊಟ್ಟಿಗೆಯ ಮಗ್ಗುಲಿನ ಕೋಣೆಯಲ್ಲಿ. "ತಾಯ್ದು ಒಂದು ಬಾಯಿ, ಮಗಂದು ಮೂರು ಬಾಯಿ," ಎಂದು ದೊಡ್ಡಮ್ಮ ಬಡಿಸುವಾಗಲೆಲ್ಲ ಹೇಳುತ್ತಿದ್ದಳು. ಆ ವರ್ಷ ಸಿರಾದ ಅಮಲ್ದಾರರು, ಯುಗಾದಿಯ ಕುಸ್ತಿ ಗೆದ್ದವನಿಗೆ ಕಚೇರಿಯಲ್ಲಿ ದಲಾಯತನ, ಎಂದರೆ ಜವಾನನ, ಕೆಲಸ ಕೊಡುತ್ತೇನೆಂದು ಹೇಳಿದ್ದರು. ಸೊಂಟಕ್ಕೆ ಪಟ್ಟಿ, ಎದೆಗೆ ಹಿತ್ತಾಳೆಯ ಬಿಲ್ಲೆ, ಇರಲು ಒಂದು ಮನೆ. ಚಿಕ್ಕರಂಗಯ್ಯನಿಗೆ ಬಿಲ್ಲೆಯ ಮೇಲೆ ಆಸೆ ಇರಲಿಲ್ಲ. ಅವ್ವನಿಗೆ ಬೇರೆ ಒಲೆ ಬೇಕಿತ್ತು.

ರುದ್ರಯ್ಯ ಅವನಿಗೆ ಸೀರೆ ಉಡಿಸಲಿಲ್ಲ, ರಾಕ್ಷಸನ ವೇಷಕ್ಕೆ ತಯಾರು ಮಾಡಿದರು. ಹೆಗಲಿಗೆ ಮರದ ಭುಜಕೀರ್ತಿ, ಕಣಕಾಲಿಗೆ ಮರಳಿನ ಚೀಲ. ಮಧ್ಯಾಹ್ನವೆಲ್ಲ ಕಣದಲ್ಲಿ ಕುಣಿತ. ಪ್ರತಿ ಪದದ ಕೊನೆಗೆ ಮದ್ದಳೆಯ ಮೇಲೆ ಮೂರು ಸಣ್ಣ ಹೊಡೆತ, ಆಮೇಲೆ ಒಂದು ದೊಡ್ಡದು. ಮೂರನೆಯ ಹೊಡೆತದ ಹೊತ್ತಿಗೆ ಬಲಗಾಲು ಮೊಣಕಾಲುದ್ದ ಮೇಲೆದ್ದಿರಬೇಕು. ದೊಡ್ಡದು ಬಿದ್ದಾಗ ನೆಲ ಅದುರಬೇಕು.

"ಯೋಚ್ನೆ ಮಾಡಿ ಕಾಲೆತ್ತಬ್ಯಾಡ ಕಣಪ್ಪ," ಎನ್ನುತ್ತಿದ್ದರು ರುದ್ರಯ್ಯ. "ಮದ್ದಳೆ ಎತ್ತಿಸ್ತದೆ. ನೀನು ಸುಮ್ಕಿರು."

ಆರು ತಿಂಗಳಾದ ಮೇಲೆ ಮರಳಿನ ಚೀಲ ಬಿಚ್ಚಿ ಗರಡಿಗೆ ಬಂದವನ ಕಾಲನ್ನು ಯಾರಿಂದಲೂ ಹಿಡಿಯಲಾಗಲಿಲ್ಲ. ನಕ್ಕಿದ್ದವರಲ್ಲಿ ಇಬ್ಬರು ಮಾರನೆಯ ದಿನವೇ ಕಣದ ಹತ್ತಿರ ಹೋಗಿ ನಿಂತರು.

ಗರಡಿಯಲ್ಲಿ ತಮಟೆ ಇರಲಿಲ್ಲ. ಸಿರಾದಲ್ಲಿ ಇತ್ತು. ನಮ್ಮ ಕಡೆ ತಮಟೆಯಿಲ್ಲದೆ ಪಂದ್ಯದ ಕುಸ್ತಿ ನಡೆಯುವುದಿಲ್ಲ.

ಯುಗಾದಿಯ ದಿನ ಮೊದಲ ಇಬ್ಬರನ್ನು ಅವನು ಬೇಗನೆ ಕೆಡವಿದ. ಕೊನೆಯವನು ಪಾವಗಡದ ಕಡೆಯವನು. ಪಟ್ಟು ಬಿಗಿಯಾಗುತ್ತಿದ್ದಂತೆ ತಮಟೆಯ ಓಬಳಯ್ಯನಿಗೂ ಹುರುಪು ಬಂತು. ಮೂರು ಸಣ್ಣ ಹೊಡೆತ, ಆಮೇಲೆ ಒಂದು ದೊಡ್ಡದು ಬಾರಿಸಿದ. ಚಿಕ್ಕರಂಗಯ್ಯನ ಬಲಗಾಲು ತಾನಾಗಿಯೇ ಎದ್ದು ನೆಲಕ್ಕೆ ಅಪ್ಪಳಿಸಿತು. ಪಾವಗಡದವನು ಒಮ್ಮೆ ನೋಡಿದ. ಎರಡನೆಯ ಸಲ ಕಾಯ್ದುಕೊಂಡಿದ್ದು, ಎದ್ದ ಕಾಲನ್ನು ಹಿಡಿದು ಕೆಡವಿದ.

"ಏಮಯ್ಯಾ, ಕುಸ್ತಿಗೆ ಬಂದ್ಯಾ, ಆಟಕ್ಕೆ ಬಂದ್ಯಾ?" ಎಂದು ಎದ್ದು ಮೈ ಕೊಡವಿದ.

ಗೆದ್ದವನು ಪಾವಗಡದ ತನ್ನ ಹೊಲ ಬಿಟ್ಟು ಬರಲು ಒಪ್ಪಲಿಲ್ಲ. ಕೆಲಸ ಹಾಗೆಯೇ ಉಳಿಯಿತು. "ಮುಂದಿನ ಯುಗಾದಿಗೆ ಬಾ," ಎಂದರು ಅಮಲ್ದಾರರು ಚಿಕ್ಕರಂಗಯ್ಯನಿಗೆ. "ಅದಾದ ಮೇಲೆ ನನಗೆ ವರ್ಗ."

ಕಾಲಿಗೆ ಹಾಕಿದ್ದ ಕುಣಿತವನ್ನು ತೆಗೆಯಲು ಹೆಣಗುವುದರಲ್ಲೇ ಆ ಒಂದು ವರ್ಷ ಕಳೆಯಿತು. ಮಹಾಲಿಂಗಯ್ಯ ಅವನ ಕಿವಿಗೆ ಹತ್ತಿ ತುರುಕಿ, ಪಕ್ಕದಲ್ಲಿ ತಗಡು ಬಡಿಸಿ, ಕುಸ್ತಿ ಆಡಿಸಿದರು. ಸದ್ದು ಅಂಗಾಲಿನಿಂದಲೇ ಹತ್ತಿ ಬರುತ್ತಿತ್ತು. ಕಾಲಿಗೆ ಹಗ್ಗ ಕಟ್ಟಿ ಎಳೆದು ಹಿಡಿದರು; ಹಗ್ಗ ಹಿಡಿದ ಹುಡುಗರೇ ಮುಗ್ಗರಿಸಿದರು. ಮನೆಯಲ್ಲಿ ಲಕ್ಕಮ್ಮ ನವಣೆ ಕುಟ್ಟುವಾಗ ಮೂರು ಸಲ ಮೆಲ್ಲಗೆ, ನಾಲ್ಕನೆಯದು ಜೋರಾಗಿ ಒನಕೆ ಹಾಕುವ ರೂಢಿ. ಒಂದು ದಿನ ಗೋಡೆಗೊರಗಿ ಕೂತಿದ್ದ ಮಗನ ಕಾಲು ಒನಕೆಯ ಜೊತೆ ಎದ್ದು ಬೀಳುವುದನ್ನು ಅವಳು ಕಂಡಳು. ಅಂದಿನಿಂದ ಅವನು ದನ ಹೊಡೆದುಕೊಂಡು ಹೋದ ಮೇಲೆಯೇ ಕುಟ್ಟುತ್ತಿದ್ದಳು. ಅವನು ಬರುವುದು ಕಂಡರೆ ಒನಕೆ ನಿಲ್ಲಿಸುತ್ತಿದ್ದಳು.

ಅವನು ರುದ್ರಯ್ಯನವರ ಹತ್ತಿರ ಹೋಗಿ, "ಇದನ್ನ ತೆಗ್ದಾಕ್ಬುಡಿ ಭಾಗವತ್ರೇ," ಎಂದ.

ಅವರು ಎಲೆಗೆ ಸುಣ್ಣ ಸವರಿದರು. "ಹಾಕೋದು ನಮ್ಮಪ್ಪ ಕಲ್ಸಿದ. ತೆಗೆಯೋದು ಅವನ್ಗೂ ಗೊತ್ತಿರ್ಲಿಲ್ಲ."

ಯುಗಾದಿಗೆ ಎರಡು ದಿನವಿರುವಾಗ ಅವನು ಸಿರಾಕ್ಕೆ ಹೋಗಿ ಓಬಳಯ್ಯನನ್ನು ಹುಡುಕಿದ. ಓಬಳಯ್ಯ ಮನೆಯ ಮುಂದೆ ಬೆಂಕಿ ಹಾಕಿ ತಮಟೆ ಕಾಯಿಸುತ್ತಿದ್ದ.

"ಆ ದೊಡ್ಡ ಹೊಡೆತ ಒಂದ್ ಬುಟ್ಬುಡು ಓಬಳಯ್ಯ. ನನ್ ಕುಸ್ತಿಗೆ ಮಾತ್ರ."

"ಅದೆಂಗೆ ಬುಡ್ಲಿ ಸಾಮಿ? ಮೂರು ಬಿದ್ಮೇಲೆ ನಾಕ್ನೇದು ನಾನ್ ಹೊಡೆಯಲ್ಲ, ಕೈ ಹೊಡೀತದೆ. ನಿಮ್ಗೆ ಕಾಲು ಹೆಂಗೋ ನನ್ಗೆ ಕೈ ಅಂಗೆ."

ಚಿಕ್ಕರಂಗಯ್ಯ ಅವ್ವನ ಒಲೆಯ ವಿಷಯ ಹೇಳಿದ. ಹೊರಡುವಾಗ ಓಬಳಯ್ಯ, "ನೋಡಾನ," ಎಂದ.

ಆ ವರ್ಷ ಕೊನೆಯ ಕುಸ್ತಿ ಮಧುಗಿರಿಯವನ ಜೊತೆ. ಪಾವಗಡದವನ ಕಥೆ ಅವನಿಗೂ ಮುಟ್ಟಿತ್ತು. ಅವನು ಬಗ್ಗಿ, ಬಲಗಾಲನ್ನೇ ನೋಡುತ್ತ ಸುತ್ತಿದ. ಚಿಕ್ಕರಂಗಯ್ಯ ಈ ಸಲ ಕಾಲನ್ನು ತಡೆಯುವ ಯೋಚನೆ ಬಿಟ್ಟಿದ್ದ. ಎದ್ದರೆ ಏಳಲಿ, ಎದ್ದಷ್ಟೇ ಬೇಗ ಬೀಳುತ್ತದೆ. ಬಿದ್ದ ಕೂಡಲೇ ಅದರ ಬಲದಲ್ಲೇ ಮುನ್ನುಗ್ಗಬೇಕು ಎಂದುಕೊಂಡಿದ್ದ. ಇದು ಓಬಳಯ್ಯನಿಗೆ ಗೊತ್ತಿರಲಿಲ್ಲ. ಒಂದು ಸುತ್ತು ಹಾಗೆಯೇ ಆಯಿತು. ಓಬಳಯ್ಯನ ಕೈ ನಾಲ್ಕನೆಯದನ್ನೂ ಹೊಡೆದುಬಿಟ್ಟಿತು; ಕಾಲು ಎದ್ದು ಬಿತ್ತು, ಮಧುಗಿರಿಯವನು ಅಖಾಡದ ಅಂಚಿನವರೆಗೆ ಹಿಂದೆ ಸರಿದ. ಜನ ಕೂಗಿದರು. ಇನ್ನೊಂದು ಸಲ ಹಾಗಾದರೆ ಸಾಕಿತ್ತು.

ಓಬಳಯ್ಯ ಮೂರು ಸಣ್ಣ ಹೊಡೆತ ಬಾರಿಸಿದ. ಬಲಗಾಲು ಎದ್ದಿತು. ಅದೇ ಕ್ಷಣದಲ್ಲಿ ಓಬಳಯ್ಯ ಹಲ್ಲು ಕಚ್ಚಿ ತನ್ನ ಕೈಯನ್ನು ತಡೆದು ಹಿಡಿದ.

ನಾಲ್ಕನೆಯದು ಬೀಳಲಿಲ್ಲ. ಕಾಲು ಗಾಳಿಯಲ್ಲೇ ಕಾಯುತ್ತ ನಿಂತಿತು. ಮಧುಗಿರಿಯವನಿಗೆ ಅಷ್ಟೇ ಸಾಕಾಯಿತು. ನೆಲದ ಮೇಲಿದ್ದ ಎಡಗಾಲನ್ನು ಸೆಳೆದ.

ಚಿಕ್ಕರಂಗಯ್ಯನ ಬೆನ್ನು ಮಣ್ಣಿಗೆ ತಾಗಿತು. ಗೆದ್ದವನಿಗೆ ತಮಟೆ ಬಾರಿಸಲೇಬೇಕು. ಓಬಳಯ್ಯ ತಲೆ ತಗ್ಗಿಸಿಕೊಂಡು ಬಾರಿಸಿದ. ದೊಡ್ಡ ಹೊಡೆತ ಬಿದ್ದಾಗ ಅಂಗಾತ ಬಿದ್ದಿದ್ದವನ ಹಿಮ್ಮಡಿ ನೆಲಕ್ಕೆ ಬಡಿಯಿತು. ಜನ ಬಿದ್ದು ಬಿದ್ದು ನಕ್ಕರು. ಅಮಲ್ದಾರರೂ ಕರವಸ್ತ್ರ ಬಾಯಿಗೆ ಅಡ್ಡ ಹಿಡಿದರು.

ಮಾರನೆಯ ದಿನ ಬೆಳಿಗ್ಗೆ ಅವನು ಊರಿಗೆ ಬಂದಾಗ ಲಕ್ಕಮ್ಮ ಹಿತ್ತಲಲ್ಲಿ ನವಣೆ ಕುಟ್ಟುತ್ತಿದ್ದಳು. ಮೂರು ಹಾಕಿ ನಾಲ್ಕನೆಯದಕ್ಕೆ ಒನಕೆ ಎತ್ತಿದ್ದವಳು ಮಗನನ್ನು ಕಂಡು ಹಾಗೆಯೇ ಮೇಲೆ ಹಿಡಿದು ನಿಂತಳು. ಬಿಲ್ಲೆ ಇಲ್ಲದ ಎದೆಯನ್ನು ನೋಡಿದಳು.

ಅವನು ಹಿತ್ತಲ ಬಾಗಿಲಿಗೆ ಕೈಯೂರಿ ನಿಂತಿದ್ದ. ಬಲಗಾಲು ಹೊಸ್ತಿಲಿನಿಂದ ಒಂದು ಗೇಣು ಮೇಲಿತ್ತು.

"ಹಾಕ್ಬುಡವ್ವ," ಎಂದ. "ತಡೀಬ್ಯಾಡ."